ಹಿಮದಲ್ಲಿ ಸೆರಗು ಕೊಡವಿದ ದಿನ

"ಚಿರು, ಅಮ್ಮಂಗೆ ಹೇಳು, ನಂಗೆ ವಡೆ ಬೇಡ."

ಹೀಗೆ ಹೇಳಿದ್ದು ನನ್ನ ಮಗಳು ಸಿಂಚನ. ವಯಸ್ಸು ಎಂಟು. ರೈಲಿನಲ್ಲಿ ನನ್ನ ಎದುರು ಸೀಟಿನಲ್ಲೇ ಕೂತಿದ್ದಾಳೆ. ಇಬ್ಬರ ಮೊಣಕಾಲೂ ಒಂದಕ್ಕೊಂದು ತಾಗುವಷ್ಟು ಹತ್ತಿರ. ಆದರೂ ಮಾತು ನೇರವಾಗಿ ಬರುವುದಿಲ್ಲ. ನಾಲ್ಕು ವರ್ಷದ ತಮ್ಮ ಚಿರು ಎಂಬ ಪೋಸ್ಟ್ ಆಫೀಸಿನ ಮೂಲಕ ಬರುತ್ತದೆ.

"ಅಮ್ಮಾ, ಅಕ್ಕಂಗೆ ವಡೆ ಬೇಡ್ವಂತೆ. ಅವಳ್ದೂ ನಂಗೇ ಕೊಡ್ಬೇಕಂತೆ." (ಎರಡನೆಯ ವಾಕ್ಯ ಪೋಸ್ಟ್‌ಮ್ಯಾನ್ ತಾನೇ ಸೇರಿಸಿದ್ದು.)

ರೈಲು ಆಗಷ್ಟೇ ಮದ್ದೂರು ಬಿಟ್ಟಿತ್ತು. ಬೋಗಿ ತುಂಬ ಈರುಳ್ಳಿ ಕರಿದ ವಾಸನೆ. ಮದ್ದೂರು ದಾಟುವಾಗ ವಡೆ ಬೇಡ ಅನ್ನುವ ಮಂಡ್ಯದ ಮಗುವನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡಿರಲಿಲ್ಲ. ಇದು ಮಾಮೂಲಿ ಮುನಿಸಲ್ಲ ಅಂತ ಆಗ ಖಾತ್ರಿಯಾಯಿತು.

ಮುನಿಸಿಗೆ ಕಾರಣ ನಾನು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಾನು ಇದೇ ಅಂಕಣದಲ್ಲಿ ನಿಮಗೆಲ್ಲ ಎಷ್ಟೋ ಸಲ ಹೇಳಿಕೊಟ್ಟಿರುವ ನನ್ನ ಅತಿ ದೊಡ್ಡ ವಿದ್ಯೆ.

ಮೊದಲು ಹೋಗಿದ್ದು ಎಲ್ಲಿಗೆ ಅಂತ ಹೇಳಿಬಿಡುತ್ತೇನೆ. ಸ್ಕೀಯಿಂಗ್‌ಗೆ. ಹೌದು, ಕಾಲಿಗೆ ಉದ್ದುದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು. ಮಂಡ್ಯದವರು. ನಗಬೇಡಿ. ನಮ್ಮ ಯಜಮಾನರು ಪಾಠ ಮಾಡುವ ಕಾಲೇಜಿನಲ್ಲಿ ಯಾರೋ ಹೋಗಿಬಂದು ಫೋಟೋ ತೋರಿಸಿದರು. ಮಕ್ಕಳು ಅದನ್ನು ನೋಡಿದರು. ಅಲ್ಲಿಗೆ ಮುಗಿಯಿತು. ಸಂಕ್ರಾಂತಿ ಕಳೆದ ಮೇಲೆ, ಮಕ್ಕಳ ಸ್ಕೂಲಿಗೆ ಒಂದು ಸಣ್ಣ ಜ್ವರದ ಕಥೆ ಹೇಳಿ, ಉಳಿದಿದ್ದ ಎಳ್ಳುಬೆಲ್ಲವನ್ನೆಲ್ಲ ಡಬ್ಬಿಗೆ ತುಂಬಿಕೊಂಡು ಹೊರಟೆವು. ಮನಾಲಿಯಿಂದ ಇನ್ನೂ ಮೇಲೆ ಒಂದು ಇಳಿಜಾರು. ಆ ಜಾಗದ ಹೆಸರು ಬರೆಯುವುದಿಲ್ಲ. (ಬರೆದರೆ ನೀವೆಲ್ಲ ಹೋಗಿ ನನ್ನ ಹೆಸರು ಹೇಳಿ ಡಿಸ್ಕೌಂಟ್ ಕೇಳುತ್ತೀರಿ. ಈಗಿನ ಪರಿಸ್ಥಿತಿಯಲ್ಲಿ ಅಲ್ಲಿ ನನ್ನ ಹೆಸರು ನಡೆಯುವುದಿಲ್ಲ.)

ಮಕ್ಕಳ ಜೊತೆ ಹಿಮಕ್ಕೆ ಹೋಗುವವರಿಗೆ ಒಂದು ಬುದ್ಧಿಮಾತು. ಅದು ರಜೆ ಅಂದುಕೊಂಡು ಹೋಗಬೇಡಿ. ಅದು ಬಟ್ಟೆ ಹಾಕುವ ಕೆಲಸ. ಒಳಗಿನ ಉಣ್ಣೆ, ಅದರ ಮೇಲೆ ಸ್ವೆಟರ್, ಅದರ ಮೇಲೆ ಬಾಡಿಗೆಯ ಕೋಟು, ಎರಡು ಜೊತೆ ಕಾಲುಚೀಲ, ಕಬ್ಬಿಣದಂಥ ಬೂಟು, ಟೋಪಿ, ಕನ್ನಡಕ, ಕೈಗವಸು. ಒಂದು ಮಗುವಿಗೆ ಎಲ್ಲ ತೊಡಿಸಿ ನಿಲ್ಲಿಸಿ ಇನ್ನೊಂದನ್ನು ಹಿಡಿದುಕೊಳ್ಳುವಷ್ಟರಲ್ಲಿ ಮೊದಲನೆಯದು ಹೇಳುತ್ತದೆ: "ಅಮ್ಮಾ, ಸುಸ್ಸು."

ಮತ್ತೆ ಎಲ್ಲ ಬಿಚ್ಚಿ.

ಬಟ್ಟೆ ಅಂಗಡಿ ನಡೆಸುವವಳು ನಾನು. ಮಂಡ್ಯದಲ್ಲಿ ನನ್ನದು ಸೀರೆ ಮತ್ತು ಮಕ್ಕಳ ರೆಡಿಮೇಡ್ ಅಂಗಡಿ. ಗೌರಿಹಬ್ಬದ ಹಿಂದಿನ ದಿನ ಒಂದು ಊರಿಗೇ ಸೀರೆ ಬಿಚ್ಚಿ ತೋರಿಸಿ ಮಡಚಿಟ್ಟಿದ್ದೇನೆ. ಆದರೂ ಆ ಕೋಟುಗಳ ಜಿಪ್ಪಿನ ಮುಂದೆ ನಾನು ಸೋತೆ. ಸೊಂಟ ಹೋಯಿತು. ಯಜಮಾನರ ಮಂಡಿ ಮೊದಲ ದಿನವೇ ಹೋಗಿತ್ತು. ಅವರು ಒಂದು ಸಲ ಹಲಗೆ ಕಟ್ಟಿಕೊಂಡು, ನಿಂತ ಜಾಗದಲ್ಲೇ ಕೂತು, ಕೂತ ಜಾಗದಿಂದಲೇ "ನಾನ್ ಒಲ್ಲೆ ಕಣಮ್ಮಿ, ನೀವ್ ಆಡ್ಕಳಿ" ಅಂದವರು ಮತ್ತೆ ಹಲಗೆ ಮುಟ್ಟಲಿಲ್ಲ. ಚಿರುಗೆ ಹಿಮ ಅಂದರೆ ತಿನ್ನುವ ವಸ್ತು. ಹಿಮದ ಮೇಲೆ ಎಳ್ಳುಬೆಲ್ಲ ಉದುರಿಸಿಕೊಂಡು ತಿನ್ನುವುದನ್ನು ಅವನೇ ಕಂಡುಹಿಡಿದ.

ನಿಜವಾಗಿ ಸ್ಕೀಯಿಂಗ್ ಮಾಡಿದವಳು ಸಿಂಚನ ಒಬ್ಬಳೇ.

ಅವಳಿಗೆ ಅದು ಆಟವೂ ಆಗಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ. ನಮ್ಮ ಯಜಮಾನರ ಊರು ದುದ್ದ. ಅಲ್ಲಿ ಅವರ ಅಣ್ಣನ ಮಗನೊಬ್ಬ ಇದ್ದಾನೆ, ಇವಳಿಗಿಂತ ಎರಡು ವರ್ಷ ದೊಡ್ಡವನು. ಪಂಪ್‌ಸೆಟ್ ತೊಟ್ಟಿಗೆ ಮೇಲಿನಿಂದ ಧುಮುಕುತ್ತಾನೆ. ಇವಳು ಧುಮುಕುವುದಿಲ್ಲ. ಕಟ್ಟೆಯ ಮೇಲೆ ನಿಂತು, ಬಗ್ಗಿ ನೋಡಿ, ಹಿಂದೆ ಬರುತ್ತಾಳೆ. ಹೋದ ಬೇಸಿಗೆಯಿಂದ ಅವನು ಇವಳಿಗೆ ಇಟ್ಟ ಹೆಸರು ಪುಕ್ಲಿ. ಅವನು ಕರೆದ. ಅವನ ಜೊತೆಯ ಹುಡುಗರು ಕರೆದರು. ದೀಪಾವಳಿಗೆ ಹೋದಾಗ ಯಾರೋ ದೊಡ್ಡವರೂ ಕರೆದರು.

ನಮ್ಮ ಅತ್ತೆ ಮೊಮ್ಮಗಳನ್ನು ಬಿಟ್ಟುಕೊಡುವವರಲ್ಲ. ಹೊರಡುವ ಮೊದಲು ಫೋನಿನಲ್ಲಿ ಹೇಳಿದರು: "ಕೂಸೇ, ಆ ಬೆಟ್ಟದ್ ಮ್ಯಾಲಿಂದ ಯಾರ್ ಕೈನೂ ಇಡೀದೆ ಒಂದ್ ಸಲ ಇಳುದ್ಬಾ. ಒಂದೇ ಸಲ. ಪೋನಲ್ಲಿ ಇಡಿಯೋ ಮಾಡುಸ್ಕಂಡ್ ಬಾ. ಆಮೇಕ್ ಅವುನ್ ಬಾಯ ನಾನ್ ಮುಚ್ಚುಸ್ತೀನಿ."

ಅಷ್ಟೇ. ಅವಳಿಗೆ ಬೇಕಾಗಿದ್ದು ಅಷ್ಟೇ. ಮೇಲಿನಿಂದ, ಯಾರ ಕೈಯನ್ನೂ ಹಿಡಿಯದೆ, ಒಂದೇ ಒಂದು ಸಲ.

ಮೊದಲ ದಿನ ಬಿದ್ದಳು. ಎರಡನೆಯ ದಿನ ಬಿದ್ದಳು, ಅತ್ತಳು, ಎದ್ದಳು. ಕೆಳಗಿನ ಸಣ್ಣ ಇಳುಕಲಿನಲ್ಲಿ ಬೇರೆ ಊರಿನ ಮಕ್ಕಳ ಜೊತೆ ಸಾಲಾಗಿ ನಿಂತು ಕಲಿತಳು. ಅವರಿಗೆ ಕಲಿಸುವ ಮಾಸ್ತರು ವಿನೋದ್ ಅಂತ, ನನ್ನ ವಯಸ್ಸಿನವರೇ ಇರಬೇಕು, ಬಿಸಿಲಿಗೆ ಮುಖ ಸುಟ್ಟು ತಾಮ್ರದ ಚೊಂಬಿನ ಬಣ್ಣ. ಮೂರನೆಯ ದಿನ ಸಂಜೆ ಹಿಂದಿಯಲ್ಲಿ ಹೇಳಿದರು: "ದೀದಿ, ನಾಳೆ ಇವಳು ಮೇಲಕ್ಕೆ ಬರಬಹುದು. ಕೆಂಪು ಬಾವುಟದವರೆಗೆ. ರೆಡಿ ಇದ್ದಾಳೆ."

ಆ ರಾತ್ರಿ ಅವಳು ಕೈಗವಸು ಹಾಕಿಕೊಂಡೇ ಮಲಗಿದಳು.

ನಾಳೆ ಅಂದರೆ ಕೊನೆಯ ದಿನ. ಪ್ರವಾಸದ ಕೊನೆಯ ದಿನ ಅಂದರೆ ಏನು ಅಂತ ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೂಮು ಖಾಲಿ ಮಾಡಬೇಕು. ಒಣಗದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಬೇಕು. ಬಂದಾಗ ಮುಚ್ಚಿದ್ದ ಸೂಟ್‌ಕೇಸು ಈಗ ಮುಚ್ಚುವುದಿಲ್ಲ, ಅದರ ಮೇಲೆ ಯಜಮಾನರನ್ನು ಕೂರಿಸಬೇಕು. ಅವರ ಮಂಡಿ ಬಗ್ಗುವುದಿಲ್ಲ. ಚಿರುವಿನ ಒಂದು ಕೈಗವಸು ಇಲ್ಲ. ಹುಡುಕಿದರೆ ಅದು ಟೀ ಫ್ಲಾಸ್ಕಿನ ತಲೆಯ ಮೇಲಿದೆ. "ಅದುಕ್ಕೂ ಚಳಿ ಅಲ್ವಾ?" ಅಂತ ಅವನ ಪ್ರಶ್ನೆ. ಸಂಜೆಗೆ ದಿಲ್ಲಿಯ ಬಸ್ಸು. ಇದರ ಮಧ್ಯೆ ಬಾಗಿಲಲ್ಲಿ, ಟೋಪಿ ಕನ್ನಡಕ ಎಲ್ಲ ಹಾಕಿಕೊಂಡು, ಬೆಳಗಿನಿಂದ ಒಬ್ಬಳು ನಿಂತಿದ್ದಾಳೆ.

"ಅಮ್ಮ, ಹೋಗೋಣ್ವಾ?"

"ಬಂದೆ."

"ಅಮ್ಮ, ಈಗ?"

"ಬಂದೆ ಅಂದ್ನಲ್ಲ."

ಅಂತೂ ಲಗೇಜು ಹೋಟೆಲಿನ ಕೆಳಗಿನ ಕೋಣೆಗೆ ಹಾಕಿ ನಾವು ಇಳಿಜಾರು ತಲುಪಿದಾಗ ಬಿಸಿಲು ನೆತ್ತಿಗೆ ಬರುವುದರಲ್ಲಿತ್ತು. ಆಚೆ ಬೆಟ್ಟದ ಬೆನ್ನಿನ ಮೇಲೆ ಸ್ವಲ್ಪ ಮೋಡ. ನಾನು ನೋಡಿದೆ. ನೋಡಿ ಸುಮ್ಮನಾದೆ. ನಮ್ಮ ಕಡೆ ಅಷ್ಟು ಮೋಡಕ್ಕೆ ಯಾರೂ ಒಣಗಲು ಹಾಕಿದ ಬಟ್ಟೆ ಕೂಡ ತೆಗೆಯುವುದಿಲ್ಲ.

ವಿನೋದ್ ಮಾಸ್ತರು ನಮ್ಮನ್ನು ಕಂಡು ಕೈ ಎತ್ತಿದರು. ಸಿಂಚನಳ ಬೂಟಿಗೆ ತಾವೇ ಹಲಗೆ ಕಟ್ಟಿದರು. ಆಮೇಲೆ ರೇಟು ಹೇಳಿದರು.

ನಿನ್ನೆಗಿಂತ ಜಾಸ್ತಿ.

"ಯಾಕೆ ಭೈಯ್ಯಾ?"

ಮೇಲಕ್ಕೆ ಹೋದರೆ ಒಂದು ಮಗುವಿಗೆ ಒಬ್ಬರೇ ಮಾಸ್ತರು, ಬೇರೆ ಮಕ್ಕಳನ್ನು ಸೇರಿಸಿಕೊಳ್ಳುವ ಹಾಗಿಲ್ಲ, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಟಿಕೆಟ್ಟೂ ಅದರಲ್ಲೇ ಸೇರಿದೆ. ಬೋರ್ಡು ತೋರಿಸಿದರು. ಬೋರ್ಡು ಅಂದರೆ ನನಗೆ ಏನು? ನನ್ನ ಅಂಗಡಿಯಲ್ಲೂ "ಒಂದೇ ದರ" ಅಂತ ಬೋರ್ಡಿದೆ. ಅದನ್ನು ನಂಬುವವರು ಮಂಡ್ಯದಲ್ಲಿ ಯಾರೂ ಇಲ್ಲ. ಬರೆಸಿದ ನಾನೂ ನಂಬುವುದಿಲ್ಲ.

ಇಲ್ಲಿ ನನ್ನ ವಿದ್ಯೆಯ ವಿಷಯ ಬರುತ್ತದೆ. ಹಳೆಯ ಓದುಗರಿಗೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ.

ನಾನು ಹುಟ್ಟಿದ್ದು ಬೆಳಕವಾಡಿ. ನಮ್ಮವ್ವ ಮಳವಳ್ಳಿ ಸಂತೆಗೆ ಹೋದರೆ ನಾನು ಚೀಲ ಹಿಡಿದು ಹಿಂದೆ. ಅವ್ವ ವ್ಯಾಪಾರಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಬದನೆಕಾಯಿ ಮುಟ್ಟುವಳು, ಮುಖ ಸಿಂಡರಿಸುವಳು, ಒಂದು ಬೆಲೆ ಕೇಳುವಳು. ಅವನು ಆಗಲ್ಲ ಅಂದರೆ ಮಾತು ಬೆಳೆಸುತ್ತಿರಲಿಲ್ಲ. ಎದ್ದು ನಿಂತು ಸೆರಗನ್ನು ಒಂದು ಸಲ ಕೊಡವುತ್ತಿದ್ದಳು. ಧೂಳಿರಲಿ ಬಿಡಲಿ. ಕೊಡವಿ, ಹೆಗಲಿಗೆ ಹಾಕಿ, ನಡೆಯುತ್ತಿದ್ದಳು. ನಿಧಾನಕ್ಕೆ. ತಿರುಗಿ ನೋಡದೆ. ಸೆರಗು ಕೊಡವಿದರೆ ಏನರ್ಥ ಅಂತ ನಮ್ಮ ಸೀಮೆಯ ಪ್ರತಿ ವ್ಯಾಪಾರಿಗೂ ಗೊತ್ತು. ಇವಳು ಹೋಗುತ್ತಿದ್ದಾಳೆ, ಬೆಲೆ ಇಳಿಸಿ ಕರೆ. ಪಕ್ಕದ ಸೊಪ್ಪಿನವಳನ್ನು ದಾಟುವುದರೊಳಗೆ ಹಿಂದಿನಿಂದ ಕೂಗು ಬರುತ್ತಿತ್ತು: "ಬಾರವ್ವೋ, ಬಾ! ನಿನ್ ಮಾತೇ ಆಗ್ಲಿ, ಎತ್ಕಂಡೋಗು!"

ಈ ವಿದ್ಯೆಯಿಂದಲೇ ನಾನು ಮೇಲೆ ಬಂದೆ. ಸ್ಕೂಟರಿನ ಹಿಂದೆ ಮೂಟೆ ಕಟ್ಟಿಕೊಂಡು ಹಳ್ಳಿಹಳ್ಳಿಗೆ ನೈಟಿ ಮಾರುವಾಗಲೂ ಇದೇ, ಸೂರತ್ತಿನ ಹೋಲ್‌ಸೇಲ್ ಅಂಗಡಿಯಲ್ಲೂ ಇದೇ. ಅಲ್ಲಿನವರಿಗೂ ಅರ್ಥವಾಗುತ್ತದೆ. ಈಗ ನನ್ನ ಗಿರಾಕಿಗಳು ನನಗೇ ಸೆರಗು ಕೊಡವುತ್ತಾರೆ. (ಚೂಡಿದಾರದವರು ದುಪಟ್ಟಾ ಕೊಡವುತ್ತಾರೆ. ಜೀನ್ಸಿನವರು ಮೊಬೈಲ್ ನೋಡಿಕೊಳ್ಳುತ್ತಾರೆ.) ನಾನು ಅವರನ್ನು ಕೊನೆಯ ಮೆಟ್ಟಿಲವರೆಗೆ ಬಿಟ್ಟು ಕರೆಯುತ್ತೇನೆ. ಅದಕ್ಕೆ ಮುಂಚೆ ಕರೆದರೆ ಅಗ್ಗ. ಅದು ದಾಟಿದ ಮೇಲೆ ಕರೆದರೆ ಪಕ್ಕದ ಅಂಗಡಿಯವನ ಪಾಲು.

ಆ ಪ್ರವಾಸದಲ್ಲೂ ಇದು ಕೈ ಕೊಟ್ಟಿರಲಿಲ್ಲ. ಕೋಟಿನ ಬಾಡಿಗೆ ಇಳಿಯಿತು. ಟ್ಯಾಕ್ಸಿ ಇಳಿಯಿತು. ಹೋಟೆಲಿನವನು ಬೆಳಗಿನ ತಿಂಡಿಯನ್ನು ಮಕ್ಕಳಿಗೆ ಪುಕ್ಕಟೆ ಮಾಡಿದ. ನನಗೂ ಸ್ವಲ್ಪ ಕೊಬ್ಬು ಬಂದಿತ್ತು ಅಂತಲೇ ಇಟ್ಟುಕೊಳ್ಳಿ.

ವಿನೋದ್ ಮಾಸ್ತರಿಗೆ ನನ್ನ ಬೆಲೆ ಹೇಳಿದೆ. ಅವರು ತಲೆಯಾಡಿಸಿದರು. ಸಿಟ್ಟಿಲ್ಲ, ನಗುವೂ ಇಲ್ಲ. "ನಹೀ ಹೋಗಾ ದೀದಿ."

ಯಜಮಾನರು ಹಿಂದಿನಿಂದ ಪಿಸುಗುಟ್ಟಿದರು: "ಕೊಟ್ಬುಡಮ್ಮಿ ಅತ್ಲಾಗೆ. ಕೂಸು ನಿಂತದೆ."

"ನೀವು ಸುಮ್ನಿರಿ. ನಂಗೊತ್ತು."

ಸಿಂಚನಳ ಕಡೆ ನೋಡಿದೆ. ಅವಳು ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ಅಂಗಡಿಯಲ್ಲಿ ಬೆಳೆದ ಮಗು. ಮುಂದೇನು ಅಂತ ಅವಳಿಗೆ ಗೊತ್ತು. ಅವಳಿಗೂ ನನ್ನ ವಿದ್ಯೆಯ ಮೇಲೆ ಪೂರ್ತಿ ಭರವಸೆ.

ಕೊಡವಿದೆ. ಸೆರಗೆಲ್ಲಿತ್ತು? ಬಾಡಿಗೆ ಕೋಟಿನ ತುದಿಯನ್ನೇ ಹಿಡಿದು ಕೊಡವಿದೆ. ಒಂದಿಷ್ಟು ಹಿಮದ ಪುಡಿ ಉದುರಿತು. ಚಿರುವಿನ ಕೈ ಹಿಡಿದು ಟೀ ಅಂಗಡಿ ಕಡೆ ನಡೆದೆ. ನಿಧಾನಕ್ಕೆ. ತಿರುಗಿ ನೋಡದೆ. ಆ ಬೂಟಿನಲ್ಲಿ ಬೇಗ ನಡೆಯುತ್ತೇನೆ ಅಂದರೂ ಆಗುತ್ತಿರಲಿಲ್ಲ ಬಿಡಿ.

ಸಿಂಚನ ಬರಲಿಲ್ಲ. ಹಲಗೆ ಕಟ್ಟಿದ್ದರಲ್ಲ, ಅಲ್ಲೇ ನಿಂತಳು. ಬರುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಹೇಗಿದ್ದರೂ ಈಗ ಕರೆಯುತ್ತಾರಲ್ಲ?

ಟೀ ಅಂಗಡಿ ಬಂತು. ಕರೆಯಲಿಲ್ಲ.

ಟೀ ಹೇಳಿದೆ. ಕರೆಯಲಿಲ್ಲ.

ಚಿರು ಮ್ಯಾಗಿ ಕೇಳಿದ. ಮ್ಯಾಗಿ ಬೆಂದು, ತಟ್ಟೆಗೆ ಬಂದು, ಆರಿ, ಅವನ ಕೋಟಿನ ಮೇಲೆ ಅರ್ಧ ಬಿತ್ತು. ಕರೆಯಲಿಲ್ಲ. ಅಂಗೈ ಬಿಸಿ ಮಾಡಿಕೊಳ್ಳುವ ನೆಪದಲ್ಲಿ ಓರೆಗಣ್ಣಿಂದ ನೋಡಿದೆ. ಸಿಂಚನ ಹಲಗೆಯ ಮೇಲೆ ನಿಂತೇ ಇದ್ದಾಳೆ. ಯಜಮಾನರು ಪಕ್ಕದಲ್ಲಿ ಒಂದು ಕಾಲಿನ ಮೇಲೆ. ಮಾಸ್ತರು? ಮಾಸ್ತರು ಲಿಫ್ಟಿನ ಹತ್ತಿರ, ಯಾವುದೋ ಹಸಿರು ಟೋಪಿಯ ಹುಡುಗನ ಬೆಲ್ಟು ಬಿಗಿಯುತ್ತಿದ್ದಾರೆ.

ಹೋಗಲಿ, ಒಂದು ಸುತ್ತು ಮುಗಿಸಿ ಬರಲಿ. ಬಂದವರೇ ಮೊದಲು ನನ್ನನ್ನೇ ಹುಡುಕುತ್ತಾರೆ. ವ್ಯಾಪಾರದಲ್ಲಿ ಅವಸರ ತೋರಿಸಿದವನು ಕೆಟ್ಟ, ಇದು ನಾನು ನಿಮಗೆ ಎಷ್ಟು ಸಲ ಬರೆದಿಲ್ಲ?

ಅಷ್ಟರಲ್ಲಿ ಸಿಂಚನ ಹಲಗೆ ಎಳೆದುಕೊಂಡು, ಬಾತುಕೋಳಿಯ ಹಾಗೆ ಕಾಲು ಹಾಕುತ್ತ, ಟೀ ಅಂಗಡಿ ಹತ್ತಿರ ಬಂದಳು. ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, ನಮ್ಮ ಗುಟ್ಟು ಹೊರಗೆ ಹೋಗಬಾರದು ಅನ್ನುವ ಹಾಗೆ ಕೇಳಿದಳು:

"ಅಮ್ಮ, ಇನ್ನೂ ಯಾಕೆ ಕರೀತಿಲ್ಲ?"

"ಕರೀತಾರೆ. ಇರು."

ಅವಳು ಇದ್ದಳು. ಹೋಗಿ ಮತ್ತೆ ಅದೇ ಜಾಗದಲ್ಲಿ ನಿಂತಳು.

ಗಾಳಿ ಬಂದಿದ್ದು ಆಗ. ನಮ್ಮ ಗಾಳಿಯ ಹಾಗಲ್ಲ, ಬೀಸುವುದಲ್ಲ, ಎಸೆಯುವುದು. ನೆಲದ ಹಿಮವನ್ನೇ ಬಾಚಿ ಮುಖಕ್ಕೆ ಎಸೆಯಿತು. ಅಷ್ಟು ಸಣ್ಣ ಮೋಡ, ಎಲ್ಲಿತ್ತೋ, ಬೆಟ್ಟದ ತಲೆಯನ್ನೇ ನುಂಗಿತು. ಕೆಂಪು ಬಾವುಟ ಕಾಣಿಸಲಿಲ್ಲ. ಸೀಟಿ ಊದಿದರು. ಲಿಫ್ಟು ನಿಂತಿತು. ಮೇಲೆ ಹೋಗಿದ್ದ ಹಸಿರು ಟೋಪಿ ಹುಡುಗನ ಹಿಂದೆ ವಿನೋದ್ ಮಾಸ್ತರು ಬಿಳಿಯ ಒಳಗಿಂದ ಇಳಿದು ಬಂದರು. ಹುಡುಗ ಕೈ ಬಿಟ್ಟಿದ್ದ. ಅವನಮ್ಮ ಚಪ್ಪಾಳೆ ತಟ್ಟುತ್ತಿದ್ದಳು.

ನಾನು ಓಡಿದೆ. ಓಡಿದೆ ಅನ್ನುವುದು ದೊಡ್ಡ ಮಾತು, ಆ ಬೂಟಿನಲ್ಲಿ.

"ಭೈಯ್ಯಾ, ಸರಿ. ನಿಮ್ಮ ರೇಟೇ ಆಗಲಿ."

"ಬಂದ್, ದೀದಿ. ಇವತ್ತು ಇನ್ನಿಲ್ಲ."

"ಒಂದೇ ಸಲ."

ಅವರು ಬೆಟ್ಟದ ಕಡೆ ಕೈ ತೋರಿಸಿದರು. ಅಲ್ಲಿ ಬೆಟ್ಟವೇ ಇರಲಿಲ್ಲ. "ನಾಳೆ ಬೆಳಿಗ್ಗೆ ಬನ್ನಿ. ಮೊದಲ ಸುತ್ತು ಇವಳದ್ದೇ."

ನಾಳೆ ಬೆಳಿಗ್ಗೆ ನಾವು ದಿಲ್ಲಿಯಲ್ಲಿರುತ್ತೇವೆ.

ಆಗ ನಾನು ಒಂದು ಪೆದ್ದು ಪ್ರಶ್ನೆ ಕೇಳಿದೆ. "ನಾನು ಹೋದಾಗ ನೀವು ಯಾಕೆ ಕರೆಯಲಿಲ್ಲ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ಸಲ ಹೇಳಿದ ಮೇಲೆ ಅರ್ಥವಾಯಿತು. "ನೀವು ಹೋದಿರಿ. ಬೇಡ ಅಂತ ತಿಳಿದೆ. ಹೋದವರನ್ನು ನಾವು ಕರೆಯೋದಿಲ್ಲ ದೀದಿ. ಹಿಂದೆ ಬಿದ್ದು ಕಾಡ್ತಾರೆ ಅಂತ ಟೂರಿಸ್ಟುಗಳು ಕಂಪ್ಲೇಂಟ್ ಕೊಡ್ತಾರೆ. ಅದಕ್ಕೇ ನಮ್ಮಲ್ಲಿ ನಿಯಮ ಆಗಿದೆ."

ನೋಡಿ. ನಮ್ಮಲ್ಲಿ ಕರೆಯದಿದ್ದರೆ ಅವಮರ್ಯಾದೆ. ಅಲ್ಲಿ ಕರೆದರೆ ತಪ್ಪು.

ಸಿಂಚನ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಬಗ್ಗಿ, ತನ್ನ ಹಲಗೆಯ ಕೊಂಡಿ ತಾನೇ ತೆಗೆಯಲು ನೋಡಿದಳು. ಬೆರಳು ಮರಗಟ್ಟಿತ್ತು, ಬರಲಿಲ್ಲ. ನಾನು ಕೈ ಹಾಕಿದೆ. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಯಜಮಾನರು ನೋಯುವ ಮಂಡಿಯನ್ನೇ ಹಿಮಕ್ಕೆ ಊರಿ, ಒಂದೊಂದೇ ಕೊಂಡಿ ತೆಗೆದರು. ಅವರೂ ನನ್ನ ಕಡೆ ನೋಡಲಿಲ್ಲ.

ಉಳಿದ ಮಧ್ಯಾಹ್ನವನ್ನು ಏನಂತ ಹೇಳಲಿ? ಹಸಿ ಕಾಲುಚೀಲ. ಕೋಟಿಗೆ ಅಂಟಿದ ಮ್ಯಾಗಿ ನೋಡಿ ಬಾಡಿಗೆಯವನ ಗೊಣಗಾಟ. ಎತ್ತಿಕೋ ಅನ್ನುವ ಚಿರು. ಎತ್ತಿಕೊಳ್ಳಲು ಸೊಂಟವಿಲ್ಲದ ನಾನು. ಮಗಳನ್ನು ಒಲಿಸಿಕೊಳ್ಳಲು ನಾನು ಅಂಗಡಿಯನ್ನೇ ತೆರೆದೆ. ಚಮರೀಮೃಗದ ಮೇಲೆ ಫೋಟೋ? ತಲೆ ಅಲ್ಲಾಡಿಸಿದಳು. ಕುದುರೆ? ಊಹೂಂ. ಕಿವಿ ಮುಚ್ಚುವ ಮೊಲದ ಟೋಪಿ? ಅದನ್ನು ಹಿಂದಿನ ದಿನ ತಾನೇ ಕೇಳಿದ್ದಳು. ಈಗ ಅತ್ತ ತಿರುಗಿಯೂ ನೋಡಲಿಲ್ಲ. ಇಷ್ಟು ವರ್ಷದ ವ್ಯಾಪಾರದಲ್ಲಿ ಇಷ್ಟು ಗಟ್ಟಿ ಗಿರಾಕಿಯನ್ನು ನಾನು ಕಂಡಿಲ್ಲ. ಏನನ್ನೂ ಕೇಳದ ಗಿರಾಕಿಗೆ ಏನನ್ನು ಮಾರುತ್ತೀರಿ?

ಹಾಗೆ ಬಸ್ಸು, ಹಾಗೆ ದಿಲ್ಲಿ, ಹಾಗೆ ಬೆಂಗಳೂರು. ಹಾಗೆಯೇ ಈ ರೈಲು. ಮಾತೆಲ್ಲ ಪೋಸ್ಟ್ ಆಫೀಸಿನ ಮೂಲಕ.

ಮದ್ದೂರಿನಲ್ಲಿ ವಡೆ ಕೊಂಡೆನಲ್ಲ, ಆಗ ಒಂದು ಲೆಕ್ಕ ಹೊಳೆಯಿತು. ಆ ಇಳಿಜಾರಿನಲ್ಲಿ ನಾನು ಉಳಿಸಲು ಹೊರಟಿದ್ದು ಎಷ್ಟು ಅಂದುಕೊಂಡಿದ್ದೀರಿ? ನಾವು ನಾಲ್ಕು ಜನ ಹೊಟ್ಟೆ ತುಂಬ ವಡೆ ತಿಂದು ಮೇಲೊಂದು ಕಾಫಿ ಕುಡಿಯುವಷ್ಟು. ಅಷ್ಟೂ ವಡೆ ಈಗ ನನ್ನ ತೊಡೆಯ ಮೇಲೆ ಪೇಪರಿನಲ್ಲಿತ್ತು, ಎಣ್ಣೆ ಇಳಿಯುತ್ತಿತ್ತು. ತಿನ್ನುವವಳು ತಿನ್ನುತ್ತಿಲ್ಲ.

ಯಲಿಯೂರು ದಾಟುವಾಗ ಅತ್ತೆಯ ಫೋನು. ಸ್ಪೀಕರಿಗೆ ಹಾಕಿದೆ. ಹಾಕಬಾರದಿತ್ತು.

"ಬಂದ್ರೇನವ್ವ? ಎಲ್ಲೀಗಂಟ ಬಂದ್ರಿ? ಕೂಸೆಲ್ಲಿ? ಕೂಸೇ, ಇಳುದ್ಯಾ? ಕೈ ಇಡ್ಕಂಡಿದ್ರಾ, ಬುಟ್ಟಿದ್ರಾ?"

ಬೋಗಿಯಲ್ಲಿ ಅಕ್ಕಪಕ್ಕದವರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ. ಅವಳು ಏನು ಹೇಳುತ್ತಾಳೋ ಅಂತ ನಾನು ಅವಳ ಬಾಯಿಯನ್ನೇ ನೋಡಿದೆ. ಇಳಿದೆ ಅಂದುಬಿಡಲಿ, ಯಾರು ನೋಡಿದ್ದಾರೆ, ವಿಡಿಯೋ ಡಿಲೀಟ್ ಆಯಿತು ಅಂದರೆ ಮುಗಿಯಿತು. ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ.

"ಇಲ್ಲ ಅಜ್ಜಿ. ಇಳೀಲಿಲ್ಲ."

"ಯಾಕವ್ವ? ಎದುರ್ಕಂಡ್ಯಾ?"

"ಇಲ್ಲ. ನಾನ್ ರೆಡಿ ಇದ್ದೆ. ಅಮ್ಮ ರೇಟ್ ಮಾತಾಡ್ತಿದ್ರು."

ಆ ಕಡೆಯಿಂದ ಅತ್ತೆ, ಇಡೀ ಬೋಗಿಗೆ ಕೇಳುವ ಹಾಗೆ: "ನಿಮ್ಮವ್ವ ಸ್ವರ್ಗದ್ ಬಾಗ್ಲಲ್ ನಿಂತ್ರೂ ರೇಟ್ ಮಾತಾಡ್ತಾಳೆ ಕಣವ್ವ, ಬುಡು!"

ಪಕ್ಕದ ಸೀಟಿನ ಹೂವಿನ ಬುಟ್ಟಿಯ ಹೆಂಗಸು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಯಜಮಾನರು ಕಿಟಕಿಯಾಚೆಯ ಕಬ್ಬಿನ ಗದ್ದೆಯನ್ನು, ಜೀವನದಲ್ಲಿ ಕಬ್ಬನ್ನೇ ಕಾಣದವರ ಹಾಗೆ, ನೋಡತೊಡಗಿದರು. ಅವರ ಹೆಗಲು ಕುಣಿಯುತ್ತಿತ್ತು.

ಸಿಂಚನ ನಗಲಿಲ್ಲ. ಫೋನಿನ ಹತ್ತಿರ ಬಾಯಿ ತಂದು ಮೆಲ್ಲಗೆ ಕೇಳಿದಳು: "ಅಜ್ಜಿ, ಪುಕ್ಲಿ ಅಂತಾನಲ್ಲ, ಅವನಿಗೆ ಏನ್ ಹೇಳ್ತೀಯಾ?"

ಅತ್ತೆ "ನೋಡವ, ನೋಡವ" ಅಂದು ಫೋನಿಟ್ಟರು.

ಈಗ ನಿಮಗೆ ಬುದ್ಧಿಮಾತು. ಸುಸ್ತಾಗಿದ್ದೇನೆ, ಆದರೂ ಹೇಳದೆ ಇರಲಾರೆ. ಸೆರಗು ಕೊಡವುವ ವಿದ್ಯೆಯಲ್ಲಿ ನಾನು ನಿಮಗೆ ಒಂದು ವಿಷಯ ಹೇಳಿರಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ. ಅವ್ವ ಮಳವಳ್ಳಿ ಸಂತೆಯಲ್ಲಿ ಎದ್ದು ನಡೆದರೆ ವ್ಯಾಪಾರಿ ಕರೆಯುತ್ತಿದ್ದುದು ಅವಳ ಸೆರಗಿಗೆ ಹೆದರಿ ಅಲ್ಲ. ಅವಳು ಮುಂದಿನ ವಾರವೂ ಬರುವವಳು. ಇವತ್ತು ಬದನೆಕಾಯಿ ಸಿಗದಿದ್ದರೆ ಅವಳಿಗೆ ನಷ್ಟವಿಲ್ಲ, ಮನೆಯಲ್ಲಿ ಹುರುಳಿಕಾಳಿದೆ. ಬದನೆಕಾಯಿ ಮಾತ್ರ ಬಾಡುತ್ತದೆ. ಎದ್ದು ಹೋಗುವ ಶಕ್ತಿ ಇರುವುದು ನಾಳೆ ಇದ್ದವರಿಗೆ. ಆ ದಿನ ಅಲ್ಲಿ ನಾಳೆ ಇದ್ದದ್ದು ವಿನೋದ್ ಮಾಸ್ತರಿಗೆ. ಬಾಡುವ ಬದನೆಕಾಯಿ ನನ್ನ ಕೈಯಲ್ಲಿತ್ತು.

ಅದಕ್ಕೇ ಹೇಳುತ್ತೇನೆ, ಕೊನೆಯ ದಿನ ಚೌಕಾಸಿ ಮಾಡಬೇಡಿ. ಮೊದಲ ದಿನ ಮಾಡಿ, ಪ್ರಾಣ ಹಿಂಡಿ. ಕೊನೆಯ ದಿನ ಕೇಳಿದ್ದನ್ನು ಕೊಟ್ಟು ಮಗುವನ್ನು ಮೇಲಕ್ಕೆ ಕಳಿಸಿ. ಮಕ್ಕಳ ಎಂಟು ವರ್ಷಕ್ಕೂ ಒಂದು ಕೊನೆಯ ದಿನ ಇರುತ್ತದೆ ಅನ್ನುವುದನ್ನು ನಾನು ಬಿಡಿಸಿ ಬರೆಯುವುದಿಲ್ಲ. ನಿಮಗೂ ಮಕ್ಕಳಿದ್ದಾರೆ.

ಇಲ್ಲಿಗೆ ಮುಗಿಸಬೇಕಿತ್ತು. ಆದರೆ ಇದನ್ನು ನಾನು ಬರೆಯುತ್ತಿರುವುದು ಅಂಗಡಿಯಲ್ಲಿ ಕೂತು. ಇವತ್ತು ಗಿರಾಕಿ ಇಲ್ಲ. ಬಂದ ಲಗೇಜು ಇನ್ನೂ ಬಿಚ್ಚಿಲ್ಲ, ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡಿದ್ದೇನೆ. ಚಿರು ರವಿಕೆ ಪೀಸುಗಳ ರಾಶಿಯ ಮೇಲೆ ಬಾಯಿ ತೆರೆದು ಮಲಗಿದ್ದಾನೆ. ಅಂದರೆ ಪೋಸ್ಟ್ ಆಫೀಸು ಮುಚ್ಚಿದೆ. ಸಿಂಚನ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ತಮ್ಮನನ್ನು ನೋಡಿದಳು. ಅವನು ಏಳುವ ಲಕ್ಷಣ ಕಾಣಲಿಲ್ಲ. ಕೊನೆಗೆ ನೇರವಾಗಿಯೇ ಬಂತು ಮಾತು, ಅಷ್ಟು ದೂರ ಪ್ರಯಾಣ ಮಾಡಿ.

"ಮುಂದಿನ ವರ್ಷ ಮತ್ತೆ ಹೋಗ್ಬೇಕು. ಮೊದಲ್ನೇ ದಿನಾನೇ ಮೇಲಕ್ಕೆ. ರೇಟು ನಾನು ಮಾತಾಡ್ತೀನಿ. ನೀನು ಟೀ ಅಂಗಡೀಲಿ ಕೂತಿರ್ಬೇಕು."

ಮತ್ತೆ ಆ ಕೋಟು, ಆ ಜಿಪ್ಪು, ಆ ಬೂಟು, ಆ ಸುಸ್ಸು. ನೆನೆದರೇ ಸೊಂಟ ಕಳಕ್ ಅಂದಿತು. ಅಭ್ಯಾಸಬಲ, ಬಾಯಿಗೆ ಬಂದದ್ದು ಒಂದೇ ಮಾತು.

"ನೋಡೋಣ."

ಅವಳು ಎದ್ದು ನಿಂತಳು. ಫ್ರಾಕಿನ ಅಂಚು ಹಿಡಿದು ಒಂದು ಸಲ ಕೊಡವಿದಳು. ಧೂಳೇನೂ ಇರಲಿಲ್ಲ. ಬಾಗಿಲ ಕಡೆ ನಡೆದಳು. ನಿಧಾನಕ್ಕೆ. ತಿರುಗಿ ನೋಡದೆ. ಈಗ ಮೊದಲ ಮೆಟ್ಟಿಲ ಮೇಲಿದ್ದಾಳೆ. ಕಿವಿ ಮಾತ್ರ ಇತ್ತ ಇದೆ, ಜಡೆಯ ನಿಲುವಿನಲ್ಲೇ ಗೊತ್ತಾಗುತ್ತಿದೆ.

ಇನ್ನೊಂದು ಅಂಗಡಿ ಅವಳಿಗಿಲ್ಲ, ಅದು ನನಗೆ ಗೊತ್ತು. ಇಂಥ ಇನ್ನೊಬ್ಬ ಗಿರಾಕಿ ನನಗಿಲ್ಲ, ಅದು ಅವಳಿಗೆ ಗೊತ್ತು. ಕೊನೆಯ ಮೆಟ್ಟಿಲವರೆಗೆ ಕಾಯುವ ಧೈರ್ಯ ನಿಮ್ಮಲ್ಲಿ ಯಾರಿಗಾದರೂ ಇದೆಯಾ?